ಮೂರನೆಯ ನಟ್ಟು

"ಹೊಗೆ ಪೈಪು ಬಿರುಕು ಬಿಟ್ಟಿದೆ ಅಮ್ಮ. ಟರ್ಬೊ ಕೆಳಗೇ ಒಂದು ಬಾಗು ಇದೆಯಲ್ಲ, ಅಲ್ಲಿ."

ವಾಹನ ತಪಾಸಣೆಯವನು ಗುಂಡಿಯೊಳಗಿಂದ ತಲೆಯೆತ್ತಿ ಹೀಗೆ ಹೇಳಿದಾಗ ಇರ್ಯಾಳಿಗೆ ನ್ಯಾಯವಾಗಿ ಬೇಸರವಾಗಬೇಕಿತ್ತು. ಅವಳಿಗೆ ನಗು ಬಂತು. ಆ ಬಾಗು ಪೈಪು ಎಲ್ಲಿದೆ ಎಂದು ಇವನು ತನಗೆ ತಿಳಿಸಿಕೊಡುತ್ತಿದ್ದಾನಲ್ಲ ಎಂದು. ಊರಿನ ಕಾರು ಕಾರ್ಖಾನೆಯಲ್ಲಿ ಹತ್ತಿರ ಹತ್ತಿರ ಮೂವತ್ತು ವರ್ಷ ಅವಳು ಮಾಡಿದ್ದೇ ಅದು. ಎಂಜಿನ್ ಬಂದು ಮುಂದೆ ನಿಲ್ಲುತ್ತಿತ್ತು, ಅದಕ್ಕೆ ಗಾಳಿ ಊದುವ ಟರ್ಬೊ ಕೂರಿಸಿ, ಬಾಗು ಪೈಪು ಬಿಗಿದು ಕಳಿಸುತ್ತಿದ್ದಳು. ಇನ್ನೊಂದು ಬರುತ್ತಿತ್ತು.

"ಶುಕ್ರವಾರದೊಳಗೆ ಸರಿ ಮಾಡಿಸ್ಕೊಂಡು ಬನ್ನಿ. ಆಮೇಲೆ ಓಡಿಸೋ ಹಾಗಿಲ್ಲ" ಎಂದ ಅವನು.

"ಮಾಡಿಸೋದೇನು ಬಂತು? ನಾನೇ ಮಾಡ್ತೀನಿ."

ಅವನು ಅವಳ ಬಿಳಿ ತಲೆಯನ್ನೂ, ಊತ ಬಂದ ಬೆರಳಗಂಟುಗಳನ್ನೂ ಒಮ್ಮೆ ನೋಡಿದ. ಏನೂ ಅನ್ನಲಿಲ್ಲ. ಬುದ್ಧಿವಂತ.

ಮಗ ತಿಮೊ ಅಷ್ಟು ಬುದ್ಧಿವಂತನಲ್ಲ. ಗೊಥೆನ್‌ಬರ್ಗಿನಿಂದ ಫೋನು ಮಾಡಿದವನು, "ಅಮ್ಮಾ, ಸಾಕು ಮಾಡು. ಅದರ ಆಯಸ್ಸು ಮುಗೀತು. ನನಗೆ ಗೊತ್ತಿರೋ ಒಬ್ಬ ಇದಾನೆ, ಹಳೇ ಕಾರು ತಗೊಂಡು ಬಿಚ್ಚಿ ಬಿಡಿಭಾಗ ಮಾರ್ತಾನೆ. ನಿನ್ನ ಕಾರು ಅಂದ್ರೆ ಬಾಯಿ ಬಿಡ್ತಾನೆ" ಎಂದ.

"ಬಿಚ್ಚಿ?"

"ಬಿಚ್ಚದೆ ಇನ್ನೇನು? ಪೂಜೆ ಮಾಡ್ತಾನಾ?"

ತಾಯಿಗೂ ಮಗನಿಗೂ ಆ ಕಾರಿನ ಮೇಲೆ ಹಳೆಯ ಜಗಳ. ಕೊನೆಗೆ ಒಂದು ಒಪ್ಪಂದವಾಯಿತು. ಶುಕ್ರವಾರ ಕಾರು ತಪಾಸಣೆಯಲ್ಲಿ ಪಾಸಾದರೆ ತಿಮೊ ಇನ್ನು ಆ ಮಾತು ಎತ್ತುವ ಹಾಗಿಲ್ಲ. ಆಗದಿದ್ದರೆ ಅದೇ ಮಧ್ಯಾಹ್ನ ಎಳೆದೊಯ್ಯುವ ಲಾರಿ ಬರುತ್ತದೆ, ಇರ್ಯಾ ಬಾಯಿ ಮುಚ್ಚಿಕೊಂಡು ಕೀ ಕೊಡಬೇಕು. ಇರ್ಯಾ ಎರಡು ಸಲ ಯೋಚಿಸದೆ ಒಪ್ಪಿದಳು. ಮೂರೇ ಮೂರು ನಟ್ಟು, ಅರ್ಧ ದಿನದ ಕೆಲಸ. ಹೊಸ ಬಾಗು ಪೈಪು ಕೂಡ ಇತ್ತು. ಕಾರ್ಖಾನೆ ಮುಚ್ಚಿ ಸಾಮಾನು ಹರಾಜು ಹಾಕಿದಾಗ ತಂದು ನೆಲಮಾಳಿಗೆಯಲ್ಲಿ ಲಿಂಗನ್ ಎಂಬ ಕಾಡುಹಣ್ಣಿನ ಜಾಮು ಬಾಟಲಿಗಳ ಮುಂದೆ ಇಟ್ಟಿದ್ದಳು. ಮನೆಗೆ ಬಂದವರು ಜಾಮು ಕೇಳಿದಾಗಲೆಲ್ಲ ಪೈಪು ಸರಿಸಿ ಜಾಮು ತೆಗೆಯುವುದು ಅಭ್ಯಾಸವಾಗಿಹೋಗಿತ್ತು.

ಮಂಗಳವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದು, ಕಾರನ್ನು ಜಾಕಿನಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದಳು. ಏಪ್ರಿಲ್ ತಿಂಗಳು. ಬೇಲಿಯ ನೆರಳಲ್ಲಿ ಇನ್ನೂ ಕೊಳಕು ಹಿಮದ ದಿಬ್ಬಗಳಿದ್ದವು, ಹಿಮದಲ್ಲಿ ಜಾರದಿರಲೆಂದು ರಸ್ತೆಯ ಮೇಲೆ ಚಳಿಗಾಲವಿಡೀ ಹಾಕಿದ್ದ ಜಲ್ಲಿ ಗುಡಿಸದೆ ಬಿದ್ದಿತ್ತು. ಆ ಜಲ್ಲಿಯ ಜೊತೆ ಹಾಕುವ ಉಪ್ಪೇ ಕಾರಿನ ಹೊಟ್ಟೆಯನ್ನು ತಿಂದು ಹಾಕುವುದು. ಬಾನೆಟ್ಟು ಎತ್ತಿ ನೋಡಿದರೆ ಟರ್ಬೊ ಕೆಳಗಿನ ಮೊದಲ ನಟ್ಟು ತುಕ್ಕು ಹಿಡಿದು ನಟ್ಟೋ ಗಂಟೋ ಗೊತ್ತಾಗದ ಹಾಗಿತ್ತು.

ಬೇಲಿಯಾಚೆಯಿಂದ ಸ್ತೂರೆಯ ಟೋಪಿ ಕಾಣಿಸಿತು. ಸ್ತೂರೆ ಅಂಚೆಯವನಾಗಿದ್ದು ನಿವೃತ್ತನಾದ ನೆರೆಮನೆಯವ. ಕಾಗದ ಹಂಚುವುದು ನಿಂತ ಮೇಲೆ ಸಲಹೆ ಹಂಚುತ್ತಿದ್ದ.

"ಬಲ ಹಾಕ್ಬೇಡ, ತುಂಡಾಗತ್ತೆ" ಎಂದ.

"ಬಲ ಹಾಕ್ತಾ ಇದೀನಾ? ಕಣ್ಣು ಬಿಟ್ಟು ನೋಡು."

ಅವಳು ಹಾಕುತ್ತಿದ್ದುದು ಬೆಂಕಿ. ಗ್ಯಾಸಿನ ಸಣ್ಣ ಟಾರ್ಚಿನಿಂದ ನಟ್ಟನ್ನು ಕೆಂಪಗಾಗುವವರೆಗೆ ಕಾಯಿಸಿ, ಕ್ರಿಸ್‌ಮಸ್ಸಿಗೆ ಹಚ್ಚಿ ಉಳಿದಿದ್ದ ಮೇಣದ ಬತ್ತಿಯ ತುಂಡೊಂದನ್ನು ಅದಕ್ಕೆ ತಾಗಿಸಿದಳು. ಮೇಣ ಚುಯ್ ಎಂದು ಕರಗಿ ನಟ್ಟಿನ ಸಂದಿಗೆ ಇಳಿಯಿತು. ಗ್ಯಾರೇಜಿನ ತುಂಬಾ ಡಿಸೆಂಬರಿನ ವಾಸನೆ. ಸ್ವಲ್ಪ ಕಾದು ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟು ಒಮ್ಮೆ ಕಿರ್ ಎಂದು ಗೊಣಗಿ ಬಿಟ್ಟುಕೊಟ್ಟಿತು. ಎರಡನೆಯದೂ ಹಾಗೆಯೇ. ಇರ್ಯಾ ಸೊಂಟಕ್ಕೆ ಕೈಯಿಟ್ಟು ಸ್ತೂರೆಯ ಕಡೆ ನೋಡಿದ ನೋಟದಲ್ಲಿ ತಪಾಸಣೆಯವನಿಗೆ, ಮಗನಿಗೆ, ಇಡೀ ಜಗತ್ತಿಗೆ ಉತ್ತರವಿತ್ತು.

ಆಮೇಲೆ ಮೂರನೆಯ ನಟ್ಟಿಗೆ ಕೈ ಹಾಕಿದಳು.

ಕೈ ಹೋಯಿತು, ನಟ್ಟು ಸಿಗಲಿಲ್ಲ. ಟರ್ಬೊದ ಹಿಂದೆ ಬೆರಳಾಡಿಸಿದಳು. ಇನ್ನೊಂದು ಪಕ್ಕದಿಂದ ಪ್ರಯತ್ನಿಸಿದಳು. ಮೊಣಕೈ ಕೊಳವೆಗೆ ಸಿಕ್ಕಿ ತರಚಿತು. ಸ್ನಾನದ ಮನೆಯ ಕೈಗನ್ನಡಿ ತಂದು ಇಣುಕಿ ನೋಡಿದಾಗ, ಅಷ್ಟು ಆಳದಲ್ಲಿ, ಎಂಜಿನ್ನಿನ ಬೆನ್ನ ಹಿಂದೆ, ಒಂದು ನಟ್ಟಿನ ತಲೆ ಕಂಡಿತು. ಇರ್ಯಾ ಕನ್ನಡಿ ಹಿಡಿದುಕೊಂಡೇ ನಿಂತಳು. ತನ್ನ ಆಯುಷ್ಯದಲ್ಲಿ ಆ ನಟ್ಟನ್ನು ತಾನು ನೋಡುತ್ತಿರುವುದು ಇದೇ ಮೊದಲು ಎಂಬುದು ಅವಳಿಗೆ ಆಗ ಹೊಳೆಯಿತು. ಮೂರು ನಟ್ಟು, ಮೂರು ನಟ್ಟು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅವಳು ಬಿಗಿದದ್ದು ಯಾವಾಗಲೂ ಎರಡನ್ನೇ.

ಮೂರನೆಯದು ಅಗ್ನೆತಾಳದು.

ಕಾರ್ಖಾನೆಯಲ್ಲಿ ಎಂಜಿನ್ನು ಗಾಡಿಯ ಮೇಲೆ ಕೂತು ಬರುತ್ತಿತ್ತು. ಈ ಕಡೆ ಇರ್ಯಾ, ಆ ಕಡೆ ಅಗ್ನೆತಾ. ನಡುವೆ ಎದೆಯೆತ್ತರಕ್ಕೆ ಕಬ್ಬಿಣ. ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಕೊಳವೆಗಳ ನಡುವೆ ಕೈಗಳು ಮಾತ್ರ ಕಾಣುತ್ತಿದ್ದವು. ಇರ್ಯಾ ತನ್ನ ಎರಡು ನಟ್ಟು ಬಿಗಿದು ಸ್ಪ್ಯಾನರಿನಿಂದ ಎಂಜಿನ್ನಿಗೆ ಎರಡು ಸಲ ತಟ್ಟುತ್ತಿದ್ದಳು. ಟಕ್ ಟಕ್. ನನ್ನದಾಯಿತು ಎಂದು. ಆಗ ಆ ಕಡೆಯಿಂದ ಅಗ್ನೆತಾಳ ತೆಳ್ಳನೆಯ ಕೈ ಒಳಗೆ ಬಂದು ಮೂರನೆಯದನ್ನು ಬಿಗಿಯುತ್ತಿತ್ತು. ಅದಕ್ಕಾಗಿ ಅವಳೇ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿಕೊಂಡ ಒಂದು ಸ್ಪ್ಯಾನರ್ ಇತ್ತು. ಬಿಗಿದ ಮೇಲೆ ಅವಳದು ಟಕ್ ಟಕ್. ಎಂಜಿನ್ನು ಮುಂದಕ್ಕೆ ಹೋಗುತ್ತಿತ್ತು.

ಆ ಕಬ್ಬಿಣದ ಮೇಲಿಂದ ಅವರು ಆಡದ ಮಾತಿರಲಿಲ್ಲ. ಗಂಡಂದಿರು, ಅತ್ತೆಯರು, ಮುಟ್ಟು ನಿಂತದ್ದು, ಬನ್ನಿಗೆ ಏಲಕ್ಕಿ ಎಷ್ಟು ಹಾಕಬೇಕು ಎನ್ನುವುದು, ಮೇಸ್ತ್ರಿಯ ಹೊಸ ಮೀಸೆ. ಇರ್ಯಾಳ ಗಂಡ ತೀರಿಕೊಂಡಾಗ ಅವಳು ಮೊದಲು ಅತ್ತದ್ದು ಮನೆಯಲ್ಲಲ್ಲ, ಎರಡು ನಟ್ಟು ಬಿಗಿಯುತ್ತಾ ಆ ಎಂಜಿನ್ನಿನ ಮೇಲೆ. ಆ ಕಡೆಯಿಂದ ಕೈಯೊಂದು ಬಂದು ಅವಳ ಕೈಬೆರಳನ್ನು ಎಣ್ಣೆಯ ಸಮೇತ ಹಿಡಿದುಕೊಂಡಿತ್ತು. ಒಂಬತ್ತರ ಕಾಫಿಗೆ ಎಲ್ಲರೂ ಮೇಜಿನ ಸುತ್ತ ಕೂತಾಗ ಮಾತ್ರ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ಕಾಫಿ ಕುಡಿದು ಸುಮ್ಮನೆ ಕಿಟಕಿ ನೋಡುತ್ತಿದ್ದರು.

ಈ ಕಾರನ್ನು ಇರ್ಯಾ ಕೆಲಸಗಾರರಿಗೆ ಕೊಡುವ ರಿಯಾಯಿತಿಯಲ್ಲಿ ಕೊಂಡಾಗ, ಅದರ ಎಂಜಿನ್ನು ಸಾಲಿನಲ್ಲಿ ಬರುವ ಗಳಿಗೆಯನ್ನು ಮೇಸ್ತ್ರಿ ಮೊದಲೇ ಹೇಳಿದ್ದ. ಅವತ್ತು ಅಗ್ನೆತಾ ಮೂರನೆಯ ನಟ್ಟಿನ ಮೇಲೆ ಬಹಳ ಹೊತ್ತು ಕೂತಳು. "ಏನೇ ಅದು, ಅಷ್ಟು ಹೊತ್ತು?" ಎಂದು ಇರ್ಯಾ ಕೇಳಿದರೆ, "ನಿಂದಲ್ವಾ, ಸ್ವಲ್ಪ ಜಾಸ್ತಿ ಬಿಗೀತಾ ಇದೀನಿ. ನಾವಿಬ್ರೂ ಸತ್ತರೂ ಇದು ಬಿಚ್ಚಬಾರದು" ಎಂದಿದ್ದಳು.

ಬಿಚ್ಚಲಿಲ್ಲ ನೋಡಿ. ಇರ್ಯಾ ಮಂಗಳವಾರ ಪೂರ್ತಿ ಅದರ ಜೊತೆ ಗುದ್ದಾಡಿದಳು. ಬುಧವಾರ ಕಾರಿನ ಕೆಳಗೆ ಮಲಗಿ ಪ್ರಯತ್ನಿಸಿದಳು. ಕೆಳಗಿನಿಂದ ನಟ್ಟು ಎಲ್ಲಿದೆಯೆಂದು ಅಂದಾಜು ಸಿಕ್ಕಿತು, ಆದರೆ ಊದಿದ ಬೆರಳಗಂಟುಗಳು ಸಂದಿಯಲ್ಲಿ ಹೋಗಲಿಲ್ಲ. ಸ್ತೂರೆ ತನ್ನ ಕೈ ಹಾಕಿ ನೋಡುತ್ತೇನೆಂದು ಬೇಲಿ ಸುತ್ತಿ ಬಂದ. ಅವನ ಕೈ ಹೋಗುವುದಿರಲಿ, ಹೊಟ್ಟೆಯೇ ಕಾರಿನ ಕೆಳಗೆ ಹೋಗಲಿಲ್ಲ.

"ಇದಕ್ಕೆ ತೆಳ್ಳನೆ ಕೈ ಬೇಕು" ಎಂದ ಅವನು ಪ್ಯಾಂಟು ಕೊಡವುತ್ತಾ. "ಅಗ್ನೆತಾ ಇದಾಳಲ್ಲ."

"ಯಾರು?"

"ಆಹಾ, ಯಾರು ಅಂತೆ. ಕಾಲುವೆ ಪಕ್ಕದ ಹಳದಿ ಮನೆ. ನಿಂಗೊತ್ತಿಲ್ದಿದ್ರೆ ನಾನು ತೋರಿಸ್ತೀನಿ. ಇಪ್ಪತ್ತು ವರ್ಷ ಕಾಗದ ಹಾಕಿದೀನಿ ಆ ಮನೆಗೆ."

"ಲಾರಿ ಬಂದು ಎಳ್ಕೊಂಡು ಹೋಗ್ಲಿ. ಆ ಮನೆ ಮೆಟ್ಟಿಲು ಮಾತ್ರ ನಾನು ಹತ್ತಲ್ಲ."

ಸ್ತೂರೆ ತನ್ನ ಟೋಪಿ ಸರಿಮಾಡಿಕೊಂಡು ಹೊರಟುಹೋದ. ಕಾರಣ ಅವನಿಗೂ ಗೊತ್ತಿತ್ತು. ಊರಿಗೇ ಗೊತ್ತಿತ್ತು.

ಅದೊಂದು ವಾರದ ಜಗಳ. ವಾರವೆಂದರೆ ಸೋಮವಾರದಿಂದ ಸೋಮವಾರದವರೆಗಿನ ಒಂದೇ ಒಂದು ವಾರ. ಇರ್ಯಾ ಫಿನ್‌ಲ್ಯಾಂಡಿನಿಂದ ಹಡಗು ಹತ್ತಿ ಬಂದ ಹೊಸತು. ಕಾರ್ಖಾನೆಯ ವಠಾರದಲ್ಲಿ ಅವಳ ಕೋಣೆಯ ಎದುರಿಗೇ ಅಗ್ನೆತಾ ಇದ್ದಳು, ನಾಲ್ಕು ವರ್ಷದ ಮಗಳು ಓಸಾಳ ಜೊತೆ. ಗಂಡ ಹಡಗಿನಲ್ಲಿ. ಇಬ್ಬರಿಗೂ ಒಂದೇ ಸೋಮವಾರ ಕೆಲಸಕ್ಕೆ ಬರಹೇಳಿದ್ದರು. ಭಾನುವಾರ ಮಗುವಿಗೆ ಮೈಮೇಲೆಲ್ಲ ಸೀತಾಳೆ ಸಿಡುಬು. ಮೊದಲ ದಿನವೇ ಹೋಗದಿದ್ದರೆ ಕೆಲಸ ಕೈತಪ್ಪುತ್ತದೆಂದು ಅಗ್ನೆತಾ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಸ್ವೀಡಿಷ್ ಒಂದು ಅಕ್ಷರ ಬಾರದ ಇರ್ಯಾ ಕೈಸನ್ನೆಯಲ್ಲೇ, ನೀನು ಹೋಗು, ಮಗು ನನಗೆ ಬಿಡು ಎಂದಳು. ತಾನು ಮುಂದಿನ ಸೋಮವಾರ ಕೆಲಸಕ್ಕೆ ಸೇರಿದಳು. ಮೇಸ್ತ್ರಿ ಏನೂ ಅನ್ನಲಿಲ್ಲ. ಯಾರಿಗೂ ಏನೂ ಅನಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾರ್ಖಾನೆಗೆ ಕೆಟ್ಟ ಕಾಲ ಬಂತು, ಜನರನ್ನು ಕಡಿಮೆ ಮಾಡಬೇಕಾಯಿತು. ಅಲ್ಲಿಯ ಕಟ್ಟಳೆ ಎಲ್ಲರಿಗೂ ಗೊತ್ತು, ಕೊನೆಗೆ ಬಂದವರು ಮೊದಲು ಹೊರಗೆ. ಹಿಂದಿನಿಂದ ಎಣಿಸುತ್ತಾ ಎಣಿಸುತ್ತಾ ಬಂದು ಒಂದು ಕಡೆ ಗೆರೆ ಎಳೆದರು. ಗೆರೆ ಬಿದ್ದದ್ದು ಆ ಎರಡು ಸೋಮವಾರಗಳ ನಡುವೆ. ಅಗ್ನೆತಾ ಒಳಗೆ, ಇರ್ಯಾ ಹೊರಗೆ.

ಕೆಲಸ ಹೋಯಿತೆಂದು ಇರ್ಯಾ ಯಾರನ್ನೂ ಬೈಯಲಿಲ್ಲ. ಕೊನೆಯ ದಿನ ತನ್ನ ಎರಡು ನಟ್ಟು ಬಿಗಿದು, ಟಕ್ ಟಕ್ ಎಂದು ತಟ್ಟಿ ಮನೆಗೆ ಬಂದಳು. ಸಂಜೆ ಏಲಕ್ಕಿ ಬನ್ನು ಮಾಡಿ, ಕಾಫಿ ಇಟ್ಟು, ಎರಡು ಬಟ್ಟಲು ಮೇಜಿನ ಮೇಲೆ ಜೋಡಿಸಿ ಕಾದಳು. ಅಗ್ನೆತಾ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಆ ವಾರ ಬರಲಿಲ್ಲ. ಬನ್ನುಗಳನ್ನು ಹಕ್ಕಿಗಳಿಗೆ ಹಾಕಿದ ದಿನ ಇರ್ಯಾಳ ಎದೆಯಲ್ಲಿ ಏನೋ ಒಂದು ತುಕ್ಕು ಹಿಡಿದು ಕೂತಿತು. ಎರಡು ಚಳಿಗಾಲ ಕಳೆಯುವುದರೊಳಗೆ ಕಾರ್ಖಾನೆಯೇ ಮುಚ್ಚಿ ಎಲ್ಲರೂ ಹೊರಗೆ ಬಂದರು. ಆಗಲೂ ಇಬ್ಬರೂ ಮಾತಾಡಲಿಲ್ಲ. ಅಂಗಡಿಯಲ್ಲಿ ಹಾಲಿನ ಕಪಾಟಿನ ಹತ್ತಿರ ಎದುರಾಗುತ್ತಿದ್ದರು. ಒಬ್ಬಳು ಮೊಸರಿನ ಮೇಲಿನ ತಾರೀಖು ಓದುತ್ತಿದ್ದಳು, ಇನ್ನೊಬ್ಬಳು ಬೆಣ್ಣೆಯದು. ಇಷ್ಟು ವರ್ಷದಲ್ಲಿ ಆ ಊರಿನಲ್ಲಿ ಅವರಿಬ್ಬರಷ್ಟು ತಾರೀಖು ನೋಡಿ ಸಾಮಾನು ಕೊಂಡವರು ಬೇರೆ ಯಾರೂ ಇರಲಾರರು.

ಗುರುವಾರ ಬೆಳಿಗ್ಗೆ ತಿಮೊ ಫೋನು ಮಾಡಿದ.

"ಲಾರಿಯವನಿಗೆ ನಾಳೆ ಮಧ್ಯಾಹ್ನ ಬಾ ಅಂದಿದೀನಿ. ಎಲ್ಲಿಗೆ ಬಂತು ನಿನ್ನ ಕೆಲಸ?"

"ಎರಡು ಬಿಚ್ಚಿದೆ."

"ಒಟ್ಟು ಎಷ್ಟಿದೆ?"

"ಮೂರು" ಎಂದಳು ಇರ್ಯಾ. ತಿಮೊ ಅರ್ಥ ಮಾಡಿಕೊಂಡ. ಈಗ ಅವನ ದನಿ ಮೆತ್ತಗಾಯಿತು. "ಅಮ್ಮಾ, ಅದೊಂದು ಕಾರು ಅಷ್ಟೇ ಅಲ್ವಾ? ಬಿಡು."

ಅವಳು ಗ್ಯಾರೇಜಿಗೆ ಹೋಗಿ ಬಾನೆಟ್ಟಿನ ಕೆಳಗೆ ನಿಂತಳು. ನಾಳೆ ಯಾರೋ ಒಬ್ಬ ಬಂದು ಇದನ್ನು ಒಯ್ದು ತುಂಡು ತುಂಡು ಬಿಚ್ಚುತ್ತಾನೆ. ಯಂತ್ರದ ಕತ್ತರಿ ಹಾಕಿ ಆ ಮೂರನೆಯ ನಟ್ಟನ್ನೂ ಕತ್ತರಿಸಿ ಬಿಸಾಕುತ್ತಾನೆ. ಕಾರು ಹೋಗುವುದಕ್ಕಿಂತ ಆ ನಟ್ಟು ಹೋಗುವುದು ಹೆಚ್ಚು ಸಂಕಟ ಕೊಡುತ್ತಿದೆಯೆಂದು ತಿಳಿದಾಗ ತನ್ನ ಮೇಲೆ ತನಗೇ ಸಿಟ್ಟು ಬಂತು. ಕೈ ಒರೆಸಿಕೊಂಡಳು, ಎಣ್ಣೆಯ ಮೇಲಂಗಿಯನ್ನೂ ಬಿಚ್ಚದೆ ಸೈಕಲ್ಲು ಹತ್ತಿದಳು.

ಹಳದಿ ಮನೆಯ ಬಾಗಿಲು ತಟ್ಟಿದವಳಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಳೆದಿರಲಿಲ್ಲ. ಬಾಗಿಲು ತೆರೆಯಿತು. ಅಗ್ನೆತಾ ತೆಳ್ಳಗೆ, ಉದ್ದಕ್ಕೆ, ಕೈಯಲ್ಲಿ ಹೆಣಿಗೆ ಹಿಡಿದು ನಿಂತಿದ್ದಳು. ಮುಖ ಮುದಿಯಾಗಿತ್ತು. ಇರ್ಯಾ ಆ ಮುಖ ನೋಡಲಾರದೆ ಬಾಗಿಲ ಚೌಕಟ್ಟು ನೋಡಿದಳು.

"ಮೂರನೇದು ಬರ್ತಾ ಇಲ್ಲ" ಎಂದಳು.

ಅಗ್ನೆತಾ ಏನದು ಎಂದು ಕೇಳಲಿಲ್ಲ, ಯಾವ ಕಾರು ಎಂದು ಕೇಳಲಿಲ್ಲ. ಇರ್ಯಾಳ ಮೇಲಂಗಿಯನ್ನು, ತರಚಿದ ಮೊಣಕೈಯನ್ನು ನೋಡಿದಳು. ಹೆಣಿಗೆಯನ್ನು ಬೂಟುಗಳ ಪಕ್ಕದಲ್ಲಿ ಇಟ್ಟು, "ಇರು, ನನ್ ಸ್ಪ್ಯಾನರ್ ತರ್ತೀನಿ" ಎಂದು ಒಳಗೆ ಹೋದಳು.

ಆ ಬಗ್ಗಿಸಿದ ಸ್ಪ್ಯಾನರನ್ನು ಅವಳು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಜೊತೆ ಇಟ್ಟುಕೊಂಡಿದ್ದಳು. ಇಬ್ಬರೂ ಸೈಕಲ್ಲು ತಳ್ಳಿಕೊಂಡು ಕಾಲುವೆಯ ದಂಡೆಯುದ್ದಕ್ಕೂ ನಡೆದರು. ಅಷ್ಟು ದೂರಕ್ಕೂ ಆಡಿದ್ದು ಒಂದೇ ಮಾತು. "ಜಲ್ಲಿ ಇನ್ನೂ ಗುಡಿಸಿಲ್ಲ" ಎಂದಳು ಅಗ್ನೆತಾ. "ಹೂಂ" ಎಂದಳು ಇರ್ಯಾ.

ಗ್ಯಾರೇಜಿನಲ್ಲಿ ಹಳೆಯ ರತ್ನಗಂಬಳಿ ಹಾಸಿ, ಅಗ್ನೆತಾ ಮಂಡಿ ಹಿಡಿದುಕೊಂಡು, ಅಯ್ಯಯ್ಯೋ ಎನ್ನುತ್ತಾ ಕಾರಿನ ಕೆಳಗೆ ಸರಿದಳು. ಇರ್ಯಾ ಮೇಲಿನಿಂದ ಬಗ್ಗಿದಳು. ಸ್ವಲ್ಪ ಹೊತ್ತಿನ ಮೇಲೆ ಕತ್ತಲೆಯೊಳಗೆ, ಕೊಳವೆಗಳ ನಡುವೆ, ಒಂದು ತೆಳ್ಳನೆಯ ಕೈ ಮೇಲೆ ಬಂತು. ಚರ್ಮ ಸುಕ್ಕಾಗಿತ್ತು, ಕಂದು ಚುಕ್ಕೆಗಳು ಬಿದ್ದಿದ್ದವು. ಆದರೆ ಹೆಬ್ಬೆರಳು ಬಾಗುವ ರೀತಿ ಅದೇ.

"ಬೆಂಕಿ ಇಡು" ಎಂದಿತು ಕೆಳಗಿನ ದನಿ.

"ಕೈ ತೆಗಿ ಮೊದ್ಲು. ಸುಟ್ಟುಬಿಟ್ಟೇನು."

"ಸುಡು. ನಿಂಗೆ ಬೇಕಾಗಿರೋದೂ ಅದೇ ಅಲ್ವಾ?"

ಇರ್ಯಾಳಿಗೆ ತಡೆಯಲಾರದೆ ನಗು ಬಂತು. ಕೆಳಗಿನಿಂದಲೂ ಒಂದು ನಗು ಕೇಳಿಸಿತು, ಮೂಗಿನಲ್ಲಿ ನಗುವ ಆ ಹಳೆಯ ನಗು. ಮೇಲಿನ ಸಂದಿಯಿಂದ ಟಾರ್ಚು ಇಳಿಸಿ ಕಾಯಿಸಿದಳು. ಕೆಳಗಿನಿಂದ ಅಗ್ನೆತಾ ಮೇಣ ತಾಗಿಸಿದಳು. ಕಾದರು.

"ಇದನ್ನ ಯಾವ ದರಿದ್ರದೋಳು ಬಿಗಿದಿದ್ದು?" ಎಂದಳು ಅಗ್ನೆತಾ, ಸ್ಪ್ಯಾನರಿಗೆ ಜೋತುಬಿದ್ದು.

"ನೀನೇ ಕಣೆ. ಇಬ್ರೂ ಸತ್ತರೂ ಬಿಚ್ಚಬಾರದು ಅಂದಿದ್ದೆ."

"ಅಂದಿದ್ನಾ? ಬುದ್ಧಿ ಇರ್ಲಿಲ್ಲ."

ಮತ್ತೆ ಕಾಯಿಸಿದರು, ಮತ್ತೆ ಮೇಣ. ಕಾಯುವ ಹೊತ್ತಿನಲ್ಲಿ ಮಾತು ತಾನಾಗಿಯೇ ಶುರುವಾಯಿತು. ಓಸಾಳ ಎರಡನೆಯ ಗಂಡ ಮೊದಲನೆಯವನಿಗಿಂತ ದಡ್ಡ ಎಂದು ಕೆಳಗಿನಿಂದ ವರದಿ ಬಂತು. ತಿಮೊ ಮದುವೆಯ ಸುದ್ದಿಯನ್ನೇ ಎತ್ತುವುದಿಲ್ಲ ಎಂದು ಮೇಲಿನಿಂದ. ಸ್ತೂರೆಗೆ ಹೊಟ್ಟೆ ಬಂದದ್ದರ ಬಗ್ಗೆ ಇಬ್ಬರದೂ ಒಂದೇ ಅಭಿಪ್ರಾಯ.

"ನೀನು ಹೋದ ಮೇಲೆ ನಿನ್ ಜಾಗಕ್ಕೆ ಒಂದು ಯಂತ್ರದ ಕೈ ತಂದು ನಿಲ್ಲಿಸಿದ್ರು" ಎಂದಳು ಅಗ್ನೆತಾ. "ಒಂದು ಸಲಕ್ಕೆ ಎರಡೂ ಬಿಗಿದು ಹಾಕ್ತಿತ್ತು. ಚೆನ್ನಾಗೇ ಬಿಗೀತಿತ್ತು. ಆದ್ರೆ ತಟ್ತಿರಲಿಲ್ಲ. ನಾನು ಕಾಯ್ತಾ ನಿಂತಿರ್ತಿದ್ದೆ, ಪೆದ್ದಿ ಹಾಗೆ. ಮೇಸ್ತ್ರಿ ಬೈದ."

ಇರ್ಯಾ ಟಾರ್ಚು ಆರಿಸಿದಳು. ಕೆಳಗಿನ ಕೈ ಸ್ಪ್ಯಾನರನ್ನು ನಟ್ಟಿಗೆ ತಗುಲಿಸಿತು.

"ಇರ್ಯಾ."

"ಹೇಳು."

"ಆ ವಾರ ನಿಂದಾಗಿತ್ತು. ನಿನ್ ವಾರದ ಮೇಲೆ ನಾನು ಎರಡು ವರ್ಷ ಅನ್ನ ತಿಂದೆ."

"ಕಟ್ಟಳೆ ಹಾಗಿತ್ತು. ನೀನೇನ್ ಮಾಡ್ತಿದ್ದೆ?"

"ಬರ್ಬೇಕಾಗಿತ್ತು. ನಿನ್ನ ಗೇಟ್ ತನಕ ಬಂದಿದ್ದೆ. ಬನ್ನಿನ ವಾಸನೆ ರಸ್ತೆಗೇ ಬರ್ತಿತ್ತು. ಒಳಗೆ ಬಂದು ಎದುರಿಗೆ ಕೂತು ಏನ್ ಹೇಳ್ಲಿ? ಎದುರಿಗೆ ಕೂತ್ರೆ ನಂಗೆ ಬಾಯಿ ಕಟ್ಟತ್ತೆ. ನಿಂಗೊತ್ತು."

"ನಂಗೂ ಕಟ್ಟತ್ತೆ" ಎಂದಳು ಇರ್ಯಾ. ಅವಳ ಕಣ್ಣಿನಿಂದ ಒಂದು ಹನಿ ಜಾರಿ ಬಿಸಿ ಕಬ್ಬಿಣದ ಮೇಲೆ ಬಿದ್ದು ಚುರ್ ಎಂದಿತು. "ಕೆಲ್ಸಕ್ಕಲ್ಲ ಕಣೆ ನಾನು ಸಿಟ್ಟು ಮಾಡ್ಕೊಂಡಿದ್ದು. ಕೆಲ್ಸ ಹಾಳಾಗ್ ಹೋಗ್ಲಿ. ನೀನು ಬರ್ಲಿಲ್ಲ. ಅದಕ್ಕೆ."

"ಗೊತ್ತು."

"ಮತ್ತೆ ಆ ವಾರನ ನೀನು ಸಾಲ ಅಂತ ತಲೇಲಿ ಇಟ್ಕೊಂಡಿದೀಯಲ್ಲ, ಅದು ತಪ್ಪು. ಓಸಾ ಹಾಸಿಗೆ ಮೇಲೆ ಕೂತ್ಕೊಂಡು ನನಗೆ ಮಾತು ಕಲಿಸಿದ್ಲು. ಮೂಗು, ಹಾಲು, ಕೆರೆತ, ಹೋಗು, ಬಾ. ನಂಗೆ ಈ ದೇಶದ ಮಾತು ಕಲಿಸಿದ್ದೇ ಆ ಮಗು. ಕೆಲ್ಸಕ್ಕೆ ಸೇರಿದ ದಿನ ಮೇಸ್ತ್ರಿ ಹತ್ರ ನಾಲ್ಕು ವರ್ಷದೋಳ ಹಾಗೆ ಮಾತಾಡಿದೆ. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು."

"'ಮೇಸ್ತ್ರಿ ಮಾಮಾ, ನಂಗೆ ಉಚ್ಚೆ ಬಂತು' ಅಂದಿದ್ದೆ ನೀನು."

"ಬಾಯಿ ಮುಚ್ಚು."

"ಇಡೀ ಸಾಲಿಗೆ ಕೇಳ್ಸೋ ಹಾಗೆ!"

ಕೆಳಗಿನವಳು ನಗುತ್ತಾ ಸ್ಪ್ಯಾನರನ್ನು ಜಗ್ಗಿದಳು. ಕಿರ್ರ್ ಎಂದು ಉದ್ದಕ್ಕೆ ಒಂದು ಶಬ್ದ ಬಂತು. ಇಬ್ಬರೂ ಉಸಿರು ಹಿಡಿದರು. ನಟ್ಟು ತಿರುಗಿತು.

ಮುಂದಿನದೆಲ್ಲ ಕೈಗಳೇ ಮಾಡಿದವು. ಹಳೆಯ ಬಾಗು ಪೈಪು ಹೊರಗೆ ಬಂತು, ಅದರ ಬಿರುಕಿನೊಳಗೆ ಬೆರಳು ತೂರುತ್ತಿತ್ತು. ಹೊಗೆ ಸೋರದಂತೆ ನಡುವೆ ಇಡುವ ಹೊಸ ಗ್ಯಾಸ್ಕೆಟ್ಟು, ಹೊಸ ಪೈಪು, ಹೊಸ ತಾಮ್ರದ ನಟ್ಟುಗಳು. ಇರ್ಯಾ ತನ್ನ ಎರಡನ್ನು ಬಿಗಿದಳು. ಸ್ಪ್ಯಾನರಿನಿಂದ ಎಂಜಿನ್ನಿಗೆ ತಟ್ಟಿದಳು. ಟಕ್ ಟಕ್. ತೆಳ್ಳನೆಯ ಕೈ ಮೇಲೆ ಬಂದು ಮೂರನೆಯದನ್ನು ಬಿಗಿಯಿತು. ಕೆಳಗಿನಿಂದ ಟಕ್ ಟಕ್.

ಕಾರು ಚಾಲೂ ಮಾಡಿದಾಗ ಬಿರುಕಿನ ಪಟಪಟ ಸದ್ದು ಇರಲಿಲ್ಲ. ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು. ಬೇಲಿಯ ಮೇಲಿನಿಂದ ಸ್ತೂರೆಯ ಟೋಪಿ ಎದ್ದು, ಇಬ್ಬರನ್ನೂ ನೋಡಿ, ಜೀವನದಲ್ಲಿ ಮೊದಲ ಸಲ ಸಲಹೆ ಕೊಡದೆ ಕೆಳಗಿಳಿಯಿತು. ಇರ್ಯಾ ತಿಮೊಗೆ ಫೋನು ಮಾಡಿ, "ನಾಳೆ ಪಾಸಾಗತ್ತೆ. ಲಾರಿಯವನಿಗೆ ಬರಬೇಡ ಅಂತ ಹೇಳು" ಎಂದಷ್ಟೇ ಹೇಳಿ ಇಟ್ಟಳು.

ಆಮೇಲೆ ಕೈ ತೊಳೆದುಕೊಂಡು ಅಡುಗೆಮನೆಯಲ್ಲಿ ಕಾಫಿಗೆ ಕೂತರು. ಮೇಜಿನ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ನಡುವೆ ಬನ್ನಿನ ತಟ್ಟೆ. ಅಲ್ಲಿಗೆ ಮಾತು ನಿಂತಿತು. ಅಗ್ನೆತಾ ಬನ್ನು ಚೆನ್ನಾಗಿದೆ ಎಂದಳು. ಇರ್ಯಾ ಪೇಟೆಯಿಂದ ತಂದದ್ದು ಎಂದಳು. ಗೋಡೆಯ ಗಡಿಯಾರ ಸದ್ದು ಮಾಡುತ್ತಿತ್ತು. ಒಬ್ಬಳು ಕಿಟಕಿ ನೋಡಿದಳು, ಇನ್ನೊಬ್ಬಳು ಬಟ್ಟಲೊಳಗೆ ನೋಡಿದಳು. ಹಾಲಿನ ಕಪಾಟಿನ ಹತ್ತಿರವೇ ನಿಂತ ಹಾಗಾಯಿತು. ಇರ್ಯಾಳಿಗೆ ಭಯವಾಯಿತು. ಈಗ ಇವಳು ಎದ್ದು ಹೋದರೆ ಮತ್ತೆ ಬರಲು ಕಾರಣವೇ ಇರುವುದಿಲ್ಲ, ಕಾರು ಸರಿಯಾಗಿದೆಯಲ್ಲ.

ಬಟ್ಟಲು ಖಾಲಿಯಾಯಿತು. ಅಗ್ನೆತಾ ಎದ್ದು ಕೋಟು ಹಾಕಿಕೊಂಡಳು. ಸ್ಪ್ಯಾನರನ್ನು ಜೇಬಿಗೆ ಇಳಿಸಿದಳು.

"ಸರಿ, ಬರ್ತೀನಿ ಹಾಗಾದ್ರೆ."

"ಹೂಂ."

ಅವಳು ಬಾಗಿಲು ತೆರೆದಳು.

"ಅಗ್ನೆತಾ" ಎಂದಳು ಇರ್ಯಾ. "ಆ ಮೂರನೇದು ಸರಿಯಾಗಿ ಬಿಗಿಯಾಗಿಲ್ಲ ಅನ್ಸತ್ತೆ."

ಅಗ್ನೆತಾ ತಿರುಗಿ ನಿಂತಳು. ಅವಳು ಬಿಗಿದ ನಟ್ಟು ಸಡಿಲವಾಗಿದೆಯೆಂದು ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ಮೇಸ್ತ್ರಿಯೂ ಹೇಳಿರಲಿಲ್ಲ. ಇರ್ಯಾಳ ಮುಖವನ್ನು ನೇರವಾಗಿ ನೋಡಿದಳು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ನಂಗೂ ಹಾಗೇ ಅನ್ನಿಸ್ತು" ಎಂದಳು. "ಆರಿದೆಯಾ ಪೈಪು?"

"ಆರಿದೆ."

ಅವಳು ಮಂಡಿ ಹಿಡಿದುಕೊಂಡು, ಅಯ್ಯಯ್ಯೋ ಎನ್ನುತ್ತಾ ಮತ್ತೆ ಕಾರಿನ ಕೆಳಗೆ ಸರಿದಳು. ಇರ್ಯಾ ಬಾನೆಟ್ಟು ಎತ್ತಿ ಬಗ್ಗಿ ನಿಂತಳು. ಕೊಳವೆಗಳ ನಡುವಿನಿಂದ ಆ ಕೈ ಮೇಲೆ ಬಂತು, ಕಲ್ಲಿನ ಹಾಗೆ ಕೂತಿದ್ದ ನಟ್ಟಿಗೆ ಸ್ಪ್ಯಾನರ್ ತಗುಲಿಸಿ ಸುಮ್ಮನೆ ಇಟ್ಟುಕೊಂಡಿತು.

"ಆ ಓಸಾಳ ಗಂಡ ಏನ್ ಮಾಡಿದ ಗೊತ್ತಾ?" ಎಂದಿತು ಕೆಳಗಿನ ದನಿ.

"ಏನ್ ಮಾಡಿದ?" ಎಂದಳು ಇರ್ಯಾ, ಎಂಜಿನ್ನಿನ ಮೇಲೆ ಎರಡೂ ಮೊಣಕೈ ಊರಿ.

ಹೊರಗೆ ಬಿಸಿಲು ಬೇಲಿಯ ಆಚೆಗೆ ಸರಿಯಿತು. ಅಡುಗೆಮನೆಯಲ್ಲಿ ಉಳಿದ ಕಾಫಿ ತಣ್ಣಗಾಯಿತು. ಬಹಳ ಹೊತ್ತಾದರೂ ಕೆಳಗಿನವಳು ತಟ್ಟಲಿಲ್ಲ, ಮೇಲಿನವಳು ಆಯಿತಾ ಎಂದು ಕೇಳಲಿ­ಲ್ಲ.